ಸೊನ್ನೆ ರೂಪಾಯಿಯ ಬಿಲ್ಲು

ಗೆಳೆಯರೇ, ಇಂದಿನ ಖರ್ಚು: ಬಂಟ್ವಾಳದಿಂದ ಮೂಡುಬಿದಿರೆಗೆ ಎರಡು ಸಲ ಬಸ್ಸು, ಇಡೀ ದಿನ ಮುಚ್ಚಿದ ನನ್ನ ಕಂಪ್ಯೂಟರ್ ಅಂಗಡಿ.

ತಂಗಿಯ ಮಗಳು ಸಫಿಯಾ ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗೆ ಬೇಕಾದ ತಂತ್ರಾಂಶವನ್ನು ವಾರಗಟ್ಟಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ಇಳಿಸಿಕೊಂಡಿದ್ದಳು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಉತ್ತರಗಳನ್ನು ಕೈಲೆಕ್ಕದಲ್ಲೂ ತಾಳೆ ನೋಡಿದ್ದಳು. ಸಲ್ಲಿಸಲು ಇಂದೇ ಕೊನೆಯ ದಿನ. ಮೂಡುಬಿದಿರೆಯ ಅವಳ ಕಾಲೇಜಿನ ಮೇಷ್ಟ್ರು ಸಹಿ ಹಾಕಲಿಲ್ಲ. ಯಾಕೆಂದು ಕೇಳಲು ನಾನೇ ಹೋದೆ.

"ಬಿಲ್ಲು ಎಲ್ಲಿ? ಬಿಟ್ಟಿ ಸಿಕ್ಕಿದ್ದರ ಲೆಕ್ಕ ನಂಬುವುದು ಹೇಗೆ ಮಾರಾಯ್ರೆ?"

"ಲೆಕ್ಕ ನೋಡಿ ಸರ್, ತಪ್ಪಿದ್ರೆ ಹೇಳಿ" ಎಂದೆ.

"ಅದೆಲ್ಲ ನೋಡ್ಲಿಕ್ಕೆ ಸಮಯ ಇಲ್ಲ. ಬಿಲ್ಲು ತನ್ನಿ."

ಮೈಯೆಲ್ಲ ಉರಿಯಿತು. ಅಂಗಡಿಗೆ ವಾಪಸು ಬಂದು ಸೊನ್ನೆ ರೂಪಾಯಿಗೆ ಬಿಲ್ಲು ಬರೆದು, ಸೀಲು ಗುದ್ದಿ, ಒಯ್ದು ಕೊಟ್ಟೆ. ಮೇಷ್ಟ್ರು ಮೊತ್ತ ನೋಡಲೇ ಇಲ್ಲ. "ಹಾಂ, ಸೀಲು ಉಂಟಲ್ಲ" ಎಂದು ಸಹಿ ಹಾಕಿದರು.

ಸಫಿಯಾಳಿಗೆ ಸಹಿ ಸಿಕ್ಕಿತು, ಮೇಷ್ಟ್ರ ಫೈಲಿಗೆ ಒಂದು ಹಾಳೆ ಸಿಕ್ಕಿತು. ಅವಳ ಲೆಕ್ಕಕ್ಕೆ ಮಾತ್ರ ಇನ್ನೂ ಓದುವವರು ಸಿಕ್ಕಿಲ್ಲ.