ತೆಂಗಿನ ಹಾಲಿಲ್ಲದ ಗಂಜಿ

ಕೊಲ್ಲಿ ನಾಡಿನ ಸತ್ವಾ ಬಡಾವಣೆಯ ಹಳೆಯ ವಿಲ್ಲಾದಲ್ಲಿ ಮೆಸ್ ನಡೆಸುವ ಉಪ್ಪಿನಂಗಡಿಯ ಮೈಮೂನಳಿಗೆ ಕೋಪ ಮೂಗಿನ ತುದಿಯಲ್ಲೇ. ಸಪ್ಪೆ ಅಡುಗೆ ಬಡಿಸುವುದೆಂದರೆ ಅವಳಿಗೆ ಅವಮಾನ. ಹಾಗಾಗಿ ಮೇ ತಿಂಗಳ ಆ ದಿನ, ಅದೇ ವಿಲ್ಲಾದಲ್ಲಿ ಬಾಡಿಗೆಗಿದ್ದ ಶ್ರೀಲಂಕಾದ ತಮಿಳು ಹೆಂಗಸು ಯೋಗೇಶ್ವರಿ “ಅಕ್ಕಿ, ನೀರು, ಉಪ್ಪು ಅಷ್ಟೇ ಹಾಕಿ ಗಂಜಿ ಮಾಡಿಕೊಡು” ಎಂದಾಗ, ಪಾಪ, ಹುಷಾರಿಲ್ಲವೇನೋ ಎಂದುಕೊಂಡು ಊರಿನ ರಂಜಾನ್ ಗಂಜಿಯ ಹಾಗೆ ಮೆಂತೆ ಹಾಕಿ, ತೆಂಗಿನ ಹಾಲನ್ನು ಧಾರಾಳವಾಗಿ ಸುರಿದಳು.

ಯೋಗೇಶ್ವರಿ ಬಟ್ಟಲನ್ನು ದೂರ ತಳ್ಳಿದಳು.

“ಯುದ್ಧದ ಕೊನೆಯಲ್ಲಿ ನಮಗೆ ತೆಂಗಿನ ಹಾಲು ಎಲ್ಲಿತ್ತು, ಮೈಮೂನ? ಬೇರೆ ನಾಡು ಬೇಕೆಂದ ಹುಲಿಗಳು ನಮ್ಮನ್ನು ಹೋಗಲು ಬಿಡಲಿಲ್ಲ, ಸೈನ್ಯ ಶೆಲ್ ಹಾಕೋದು ನಿಲ್ಲಿಸಲಿಲ್ಲ. ನಡುವೆ ಕಡಲ ದಂಡೆಯಲ್ಲಿ ನಾವು. ಬರೀ ಉಪ್ಪಿನ ಗಂಜಿಗೆ ಸಾಲಲ್ಲಿ ನಿಂತಿದ್ದಾಗಲೇ ಶೆಲ್ ಬಿದ್ದು ನನ್ನ ಪುಟ್ಟ ಮಗಳು ಸತ್ತದ್ದು. ಅದಕ್ಕೇ ವರ್ಷಕ್ಕೊಮ್ಮೆ ಈ ದಿನ ಅದೇ ಗಂಜಿ ಕುಡಿಯುತ್ತೇವೆ.”

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಮೈಸೂರಿನ ಗುರುದತ್ತ ಫೋನಿನಿಂದ ತಲೆಯೆತ್ತದೆ, “ಅದೆಲ್ಲ ಮುಗಿದು ಎಷ್ಟು ವರ್ಷ ಆಯ್ತಲ್ಲಕ್ಕ! ಹುಲಿಗಳು ಸೋತ್ರು, ದೇಶ ಒಂದಾಯ್ತು. ಖಲಾಸ್” ಎಂದ.

ಮೈಮೂನಳ ಮೈಯೆಲ್ಲ ಉರಿದುಹೋಯಿತು.

“ಎಂತ ಖಲಾಸ್? ಹೆತ್ತವಳು ಎದುರೇ ಕೂತಿದ್ದಾಳೆ, ನಿಂಗೆ ಕಣ್ಣು ಕಾಣುದಿಲ್ವಾ?”

ಹಾಗೆಂದವಳೇ ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಅಕ್ಕಿ ಬೇಯಿಸಿ, ಬರೀ ಉಪ್ಪು ಹಾಕಿದಳು. ಯೋಗೇಶ್ವರಿಗೊಂದು ಬಟ್ಟಲು, ತನಗೊಂದು. ಮೂರನೆಯದನ್ನು ಗುರುದತ್ತನ ಮುಂದೆ ಕುಕ್ಕಿದಳು.

ಅವನು ಒಂದು ಗುಟುಕು ಕುಡಿದು, “ಒಂಚೂರು ಉಪ್ಪಿನಕಾಯಿನಾದ್ರೂ ಕೊಡಿ, ಅಕ್ಕ” ಎಂದ.

“ಸಾಲಲ್ಲಿ ನಿಂತಿದ್ದ ಆ ಮಗು ಉಪ್ಪಿನಕಾಯಿ ಕೇಳಿರ್ಲಿಲ್ಲ” ಎಂದಳು ಮೈಮೂನ. “ಕುಡಿ.”