ಐದರಲ್ಲೇ ನಿಂತ ಆಯುಷ್ಯ

ಕಾರು ಬೂದಿ ಬಣ್ಣದ್ದು ಎಂದು ಬರೆದಿದ್ದೆ. ಅವ್ವ ನೀಲಿ ಅನ್ನುತ್ತಾಳೆ. ನೀಲಿಯೇ ಇರಲಿ. ಇಲ್ಲಿ ಬಣ್ಣದ ಕೆಲಸವಿಲ್ಲ, ಒಂದು ಅಂಕಿಯ ಕೆಲಸವಿದೆ. ಅದು ಐದು. ಅದರ ಬಗ್ಗೆ ಮಾತ್ರ ಮನೆಯಲ್ಲಿ ಯಾರದೂ ತಕರಾರಿಲ್ಲ.

ಅಪ್ಪ ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಸಂಖದ ಕನ್ನಡ ಶಾಲೆಯಲ್ಲಿ ಗುರುಜಿ ಆಗಿದ್ದರು. ತೊಂಬತ್ತರ ದಶಕದಲ್ಲಿ ಅವರ ಬಳಿ ಒಂದು ಮೋಟರ್‌ಸೈಕಲ್ ಇತ್ತು. ಅದರ ಎಣ್ಣೆ ಯಾವಾಗ ಬದಲಿಸಬೇಕೆಂದು ಹೇಳುತ್ತಿದ್ದುದು ಅವರ ಹಳೆಯ ವಿದ್ಯಾರ್ಥಿಯಾಗಿದ್ದ ಮಿಸ್ತ್ರಿಯ ಹೆಬ್ಬೆರಳು. ಎಣ್ಣೆಯ ಕಡ್ಡಿ ಎಳೆದು, ಅಂಟಿದ ಹನಿಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, "ಇನ್ನೊಂದ ಅಮಾಸಿ ನಡೀತೈತ್ರಿ ಗುರುಜಿ" ಅನ್ನುತ್ತಿದ್ದ. ಅಪ್ಪ ಅವ್ವ ಪ್ರತಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೋಗುತ್ತಿದ್ದುದರಿಂದ ಗಾಡಿಯ ಲೆಕ್ಕವೂ ಅಮಾವಾಸ್ಯೆಯದೇ. ನಟ್ಟು ಸಡಿಲಾಗದಿದ್ದರೆ ದಖನಿ ಉರ್ದುವಿನಲ್ಲಿ ಬೈಯುತ್ತಿದ್ದ, ಸಡಿಲಾದರೆ ಕನ್ನಡದಲ್ಲಿ ಹೊಗಳುತ್ತಿದ್ದ ಮನುಷ್ಯ ಅವನು.

ನಿವೃತ್ತಿಯಾದ ಮೇಲೆ, ಎರಡು ಸಾವಿರದ ಆಚೆಗಿನ ಯಾವುದೋ ವರ್ಷ, ವಿಜಯಪುರದ ನೆಂಟರೊಬ್ಬರು ಓಡಿಸಿ ಬಿಟ್ಟ ಕಾರು ನಮ್ಮ ಮನೆಗೆ ಬಂತು. ಕೀಲಿ ತಿರುಗಿಸಿದರೆ ಮೀಟರಿನ ಕೆಳಗೆ ಇಂಗ್ಲಿಷಿನಲ್ಲಿ 'ಆಯಿಲ್ ಲೈಫ್' ಎಂಬ ಅಕ್ಷರ, ಪಕ್ಕದಲ್ಲಿ ನೂರಕ್ಕೆ ಇಷ್ಟು ಎಂಬ ಅಂಕಿ ಮೂಡುತ್ತಿತ್ತು. ಅಪ್ಪ ಅದನ್ನು ಮನೆಮಂದಿಗೆಲ್ಲ ಭಾಷಾಂತರಿಸಿ ಹೇಳಿದರು: "ಎಣ್ಣಿ ಆಯುಷ್ಯ." ಮಾಡಬಾರದಿತ್ತು. ಆಯುಷ್ಯ ಎಂಬ ಶಬ್ದ ನಮ್ಮ ಮನೆಯಲ್ಲಿ ಬರೀ ಎಣ್ಣೆಗೆ ನಿಲ್ಲುವಂಥದ್ದಲ್ಲ. ಅಂಕಿ ಇಳಿದಂತೆಲ್ಲ ಅವ್ವ ಕಾರಿನ ಬಗ್ಗೆ ದನಿ ತಗ್ಗಿಸಿ ಮಾತಾಡತೊಡಗಿದಳು.

ಅದು ಐದಕ್ಕೆ ಬಂದ ದಿನ ಅಮಾವಾಸ್ಯೆ. ನಾನೂ ರಜೆಗೆ ಊರಿಗೆ ಬಂದಿದ್ದೆ.

"ಆಯುಷ್ಯ ಐದs ಉಳದದ್ದರಾಗ ನಾ ಕೂಡಂಗಿಲ್ಲ. ನೀವು ಬೇಕಾದ್ರ ಹೋಗ್ರಿ," ಅಂದಳು ಅವ್ವ.

"ಅದು ಎಣ್ಣೀದು, ನಂದಲ್ಲ."

"ಒಳಗ ಕೂಡಾವ್ರು ಯಾರು, ಎಣ್ಣೀನೋ ನಾವೋ?"

ಅಪ್ಪ ಬೆಳಿಗ್ಗೆಯೇ ಕಾರನ್ನು ಮಿಸ್ತ್ರಿಯ ಬಳಿ ಒಯ್ದರು. "ಚಾ ಕುಡದು ಬರ್ರಿ, ಲಗೂನ ಮಾಡಿ ಇಡ್ತೀನಿ," ಅಂದನಂತೆ ಅವನು. ಅಪ್ಪ ರಸ್ತೆಯಾಚೆಯ ಹೋಟೆಲಿನಲ್ಲಿ ಗ್ಯಾರೇಜಿಗೆ ಬೆನ್ನು ಹಾಕಿ ಮರಾಠಿ ಪೇಪರು ಓದುತ್ತ ಕೂತರು. ಪೇಪರಿನ ಎರಡನೇ ಪುಟ ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿತ್ತು. ಮನೆಗೆ ಬಂದು, ಅವ್ವನಿಗೆ ತೋರಿಸಲೆಂದೇ ಮತ್ತೆ ಕೀಲಿ ತಿರುಗಿಸಿದರು.

ಐದು.

"ಹಾಕ್ಯಾನೋ ಇಲ್ಲೋ?" ಅಂದಳು ಅವ್ವ. ಅಪ್ಪ ನೋಡಿರಲಿಲ್ಲವಲ್ಲ! ಅವರು ಊರಿಗೆಲ್ಲ 'ನನ್ನ ಹುಡುಗ' ಎಂದು ಹೇಳಿಕೊಂಡು ತಿರುಗಿದ ಆ ಮಿಸ್ತ್ರಿ ಈಗ ಕಳ್ಳನೋ ಅಲ್ಲವೋ ಎಂಬುದನ್ನು ಮೀಟರಿನ ಒಂದು ಸಣ್ಣ ಅಂಕಿ ತೀರ್ಮಾನಿಸುತ್ತಿತ್ತು. ಮೂವರೂ ಅದೇ ಕಾರಿನಲ್ಲಿ ಗ್ಯಾರೇಜಿಗೆ ಹೋದೆವು. ಅವ್ವ ಅಷ್ಟು ದೂರ ಹೇಗೆ ಕೂತಳು ಎಂದು ಕೇಳಬೇಡಿ. ಕೇಳಿದರೆ ನಡೆದುಕೊಂಡು ಬಂದೆ ಅನ್ನುತ್ತಾಳೆ.

ಅಪ್ಪ ಗುರುಜಿಯ ದನಿಯಲ್ಲೇ ಕೇಳಿದರು: "ಖರೇ ಹೇಳು. ಎಣ್ಣಿ ಬದಲಿ ಮಾಡೀಯೇನು?"

ಮಿಸ್ತ್ರಿ ಡಬ್ಬಿಯಲ್ಲಿದ್ದ ಹಳೆಯ ಕರಿ ಎಣ್ಣೆ ತಂದಿಟ್ಟ. ಕಡ್ಡಿ ಎಳೆದು ಬಟ್ಟೆಗೆ ಒರೆಸಿದ. ಜೇನಿನ ಬಣ್ಣದ ಗೆರೆ.

"ಮತ್ತ ಇದ್ಯಾಕ ಐದು ಅಂತೈತಿ?"

"ಅದಕ್ಕ ಯಾರೂ ಹೇಳಿಲ್ರಿ."

"ಏನ ಹೇಳೂದು?"

"ನೀವು ಹಾಜರಿ ಪುಸ್ತಕ ಮುಚ್ಚಿದ ಮ್ಯಾಲ ನಾ ಬಂದು ಕುಂತ್ರೂ ದಿನಾ ಗೈರಹಾಜರ್ ಆಗ್ತಿದ್ನಿಲ್ರಿ, ಗುರುಜಿ? ಕಣ್ಣ ಮುಂದs ಕುಂತಿರ್ತಿದ್ದೆ. ಪುಸ್ತಕದಾಗ ಮಾತ್ರ ಇರ್ತಿದ್ದಿಲ್ಲ. ಈ ಎಣ್ಣಿನೂ ಹಂಗs ಕುಂತೈತಿ ಒಳಗ."

ಅಪ್ಪನ ಆ ನಿಯಮ ನಮಗೆಲ್ಲ ಗೊತ್ತಿದ್ದದ್ದೇ. ಗಂಟೆಯ ನಂತರ ಬಂದವನು ಪಾಠ ಒಪ್ಪಿಸಬಹುದು, ಪೆಟ್ಟು ತಿನ್ನಬಹುದು, ಹಾಜರ್ ಆಗುವಂತಿಲ್ಲ.

ನಾನು ಕಾರಿನ ಖಾನೆಯಲ್ಲಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಓದಿದೆ. ಯಂತ್ರ ಎಣ್ಣೆಯನ್ನು ನೋಡುವುದೇ ಇಲ್ಲವಂತೆ. ಎಂಜಿನ್ ಎಷ್ಟು ಓಡಿತು, ಎಷ್ಟು ಕಾಯಿತು ಎಂಬುದರ ಮೇಲೆ ಅಂದಾಜು ಕಟ್ಟುತ್ತದೆ. ಎಣ್ಣೆ ಬದಲಿಸಿದವರು ಎಂಜಿನ್ ಶುರು ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಮೀಟರಿನ ಗುಂಡಿಯನ್ನು ಅಂಕಿ ಮಿಣುಕುವವರೆಗೆ ಒತ್ತಿ ಹಿಡಿಯಬೇಕು. ಅಪ್ಪನೇ ಒತ್ತಿದರು. ಅಂಕಿ ಮಿಣುಕಿ, ನೂರಾಯಿತು.

"ಹಾಜರ್ ರಿ," ಅಂದ ಮಿಸ್ತ್ರಿ. ಅಥವಾ ಅಂದಿರಲಿಲ್ಲ, ನಾನೇ ಅವನ ಬಾಯಿಗೆ ಹಾಕಿರಬಹುದು.

ಎಲ್ಲ ಮುಗಿಯಿತು ಅನ್ನುವಾಗ ಅವ್ವ ಕೇಳಿದಳು: "ಅಲ್ಲೋ ತಮ್ಮಾ, ಎಣ್ಣಿ ಹಾಕ್ದs ಗುಂಡಿ ಒತ್ತಿದ್ರ?"

"ಆಗೂ ನೂರs ತೋರಸ್ತೈತ್ರಿ, ಅವ್ವಾರ."

"ಹಂಗಾದ್ರ ಈ ಮೀಟರ್ ಯಾಕ ಬೇಕು? ನಿನ್ನ ಕಡ್ಡಿ ತೋರ್ಸಪಾ ಇತ್ತ." ಅವಳು ಆ ಜೇನು ಬಣ್ಣವನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, ಮೂಸಿ, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಗುಡ್ಡಾಪುರಕ್ಕೆ ಹೋದೆವು. ತಪ್ಪಾಯಿತು ಎಂದು ಅಪ್ಪ ಮಿಸ್ತ್ರಿಗೆ ಹೇಳಿರಲಿಲ್ಲ. ಆ ಶಬ್ದ ಅವರು ಮಕ್ಕಳಿಂದ ಹೇಳಿಸುತ್ತಿದ್ದ ಶಬ್ದ.

ಮುಂದಿನ ಸಲ ಎಣ್ಣೆ ಬದಲಿಸಲು ಹೋದಾಗ ಮಿಸ್ತ್ರಿ ತಾನಾಗಿಯೇ ಕಾರಿನ ಪಕ್ಕ ಒಂದು ಸ್ಟೂಲು ಹಾಕಿದ. "ಇಲ್ಲೇ ಕುಂದ್ರಿ ಗುರುಜಿ. ನೋಡಕೋತ ಕುಂದ್ರಿ." ದನಿಯಲ್ಲಿ ಚುಚ್ಚು ಇನ್ನೂ ಇತ್ತು. ಅಪ್ಪ ಸ್ಟೂಲನ್ನು ಎತ್ತಿ ತಿರುಗಿಸಿ, ಕಾರಿಗೆ ಬೆನ್ನು ಮಾಡಿ ಕೂತರು. ಕೆಲಸ ಮುಗಿಯುವವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ. ಮಿಸ್ತ್ರಿ ಅವತ್ತು ನಟ್ಟುಗಳನ್ನೆಲ್ಲ ಕನ್ನಡದಲ್ಲೇ ಹೊಗಳಿದ.

ಇದನ್ನು ಓದಿ ಹೇಳಿದಾಗ ಅವ್ವ ನಕ್ಕಳು.

"ಬಿಸಲು ಮಾರಿಗೆ ಬಡೀತಿತ್ತು. ಅದಕ್ಕ ತಿರುಗಿ ಕುಂತಿದ್ರು."