ಎದುರು ಫ್ಲ್ಯಾಟಿನ ಲಕೋಟಾ ಟೀಚರ್

ಅವರ ಎಡ ಮಣಿಕಟ್ಟಿನ ಮೇಲೆ ಕಾಳುಮೆಣಸಿನಷ್ಟು ದೊಡ್ಡ ನೀಲಿ ಚುಕ್ಕೆಯೊಂದಿತ್ತು. ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮೊದಲು ಕಂಡಾಗ ಶಾಯಿ ತಾಗಿದೆ ಎಂದುಕೊಂಡೆ. ಊರಿನಿಂದ ಬಂದಿದ್ದ ನನ್ನ ಅತ್ತೆ ಸೀದಾ ಅವರ ಕೈ ಹಿಡಿದು, "ಹಚ್ಚೆಯಾ?" ಎಂದು ಕೇಳಿ, ಬಳೆ ಸರಿಸಿ ತಮ್ಮ ಮುಂಗೈಯ ಹಚ್ಚೆ ತೋರಿಸಿದರು.

ಅವರು ಎದುರು ಫ್ಲ್ಯಾಟಿನ ಟೀಚರ್. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನ. "ಕಾಗದ ಹಾಕುವ ಲಕೋಟೆಯಾ?" ಎಂದು ಅತ್ತೆ ಕೇಳಿದ್ದನ್ನು ನಾನು ವಿವರಿಸಿದಾಗ ಟೀಚರ್ ನಕ್ಕರು. ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು, ಒಬ್ಬರೇ ಇದ್ದರು. ಯಾರು ಹೋದರೂ ಮೊದಲು ಕಾಫಿಗೆ ನೀರಿಡುತ್ತಿದ್ದರು. ಆ ಕಾಫಿ ಮಾತ್ರ ಕುಡಿಯುವ ಹಾಗಿರುತ್ತಿರಲಿಲ್ಲ.

ಅತ್ತೆಗೆ ತುಳು, ಕನ್ನಡ, ಅವರಿಗೆ ಇಂಗ್ಲಿಷ್, ನಡುವೆ ನಾನು. ಸತ್ತವರು ಆಕಾಶಗಂಗೆಯ ದಾರಿ ಹಿಡಿದು ಹೋಗುತ್ತಾರೆ, ಅಲ್ಲೊಬ್ಬಳು ಮುದುಕಿ ಹಚ್ಚೆ ಇದೆಯೇ ಎಂದು ನೋಡುತ್ತಾಳೆ, ಇಲ್ಲದವರನ್ನು ಕೆಳಕ್ಕೆ ತಳ್ಳುತ್ತಾಳೆ ಎಂದು ಟೀಚರರ ಅಜ್ಜಿ ಹೇಳುತ್ತಿದ್ದರಂತೆ. ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ? ಸತ್ತ ಮೇಲೆ ಚಿನ್ನವನ್ನೆಲ್ಲ ಬಿಚ್ಚಿಕೊಳ್ತಾರೆ. ಹಚ್ಚೆ ಒಂದೇ ಅಲ್ವಾ ಜೊತೆಗೆ ಬರುವುದು?"

ನನ್ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: "ಫಿಸಿಕ್ಸ್ ಕಲಿಸುವ ನೀವು ಇದನ್ನು ನಂಬುತ್ತೀರಾ?"

ಟೀಚರ್ ಕಾಫಿ ಬಗ್ಗಿಸುತ್ತಾ ಹೇಳಿದರು: "ಅದು ನಕ್ಷತ್ರಗಳ ರಾಶಿ ಎಂದು ಕ್ಲಾಸಿನಲ್ಲಿ ಹೇಳುತ್ತೇನೆ. ನನ್ನ ಅಜ್ಜಿ ಹೋದದ್ದು ಆ ದಾರಿಯಲ್ಲೇ. ಎರಡರಲ್ಲಿ ಒಂದನ್ನು ಬಿಡು ಎಂದು ನನಗೆ ಯಾರೂ ಹೇಳಿಲ್ಲ."

ಆ ಸೆಪ್ಟೆಂಬರಿನಲ್ಲಿ ಅತ್ತೆಗೆ ಹೃದಯದ ತೊಂದರೆ ಕಾಣಿಸಿತು. ಸದ್ಯಕ್ಕೆ ವಿಮಾನ ಹತ್ತುವುದು ಬೇಡ ಎಂದರು ಡಾಕ್ಟರು. "ಇಲ್ಲೇ ಸತ್ತರೆ ನನಗೆ ದಾರಿ ಗೊತ್ತಾಗಲಿಕ್ಕಿಲ್ಲ," ಎಂದು ಅತ್ತೆ ಊಟವನ್ನೇ ಬಿಟ್ಟರು. ನಮ್ಮ ಸಮಾಧಾನದ ಮಾತು ಯಾವುದೂ ನಾಟಲಿಲ್ಲ.

ಅಕ್ಟೋಬರಿನ ಒಂದು ಸಂಜೆ ಟೀಚರ್ ಕಾರಿನ ಕೀಲಿ ಹಿಡಿದು ಬಂದರು. ನಮ್ಮನ್ನು ಕೂರಿಸಿಕೊಂಡು ಸೂರ್ ರಸ್ತೆಯಲ್ಲಿ ಮಸ್ಕತ್ತಿನ ದೀಪಗಳು ಹಿಂದಾಗುವವರೆಗೆ ಓಡಿಸಿ ಬೆಟ್ಟಗಳ ನಡುವೆ ನಿಲ್ಲಿಸಿದರು. ಕತ್ತಲು ಕವಿದಂತೆ ತಲೆಯ ಮೇಲೆ ಆ ಬಿಳಿ ಪಟ್ಟಿ ಕಾಣಿಸಿತು.

"ನಮ್ಮೂರಿನ ಮೇಲೆ ಹೋಗುವುದೂ ಇದೇ, ನಿಮ್ಮೂರಿನ ಮೇಲೆ ಹೋಗುವುದೂ ಇದೇ. ಎಲ್ಲಿಂದ ಹತ್ತಿದರೂ ಒಂದೇ ದಾರಿ," ಎಂದರು.

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಬಹಳ ಹೊತ್ತು ಕತ್ತೆತ್ತಿ ನೋಡಿದರು. ಹಿಂದಿರುಗುವಾಗ ಹಸಿವು ಎಂದರು. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಪರೋಟ ತಿಂದೆವು.

ಮೊದಲು ಹೋದದ್ದು ಟೀಚರ್. ಜನವರಿಯಲ್ಲಿ, ಕಾಲೇಜಿನಲ್ಲೇ, ಮಿದುಳಿನಲ್ಲಿ ರಕ್ತಸ್ರಾವವಾಗಿ. ಅವರ ತಮ್ಮ ಬಂದು ದೇಹವನ್ನು ಊರಿಗೆ ಒಯ್ದರು.

ಆ ದಿನ ಸಂಜೆ ಅತ್ತೆ ಕೋಳಿ ಸಾರು ಮಾಡಿ, ಬಾಳೆಲೆಯಲ್ಲಿ ರೊಟ್ಟಿ ಮುರಿದು ಹಾಕಿ ಬಡಿಸಿದರು. ತುಳುವರು ಮನೆಯ ಗತಿಸಿದ ಹಿರಿಯರಿಗೆ ಬಡಿಸುವ ಅಗೆಲು ಅದು.

"ಅವರು ನಮ್ಮ ಮನೆಯವರಲ್ಲವಲ್ಲ, ಅತ್ತೆ," ಎಂದೆ, ಕ್ರಮ ತಪ್ಪೀತೆಂದು.

ಅತ್ತೆ ಎಲೆಗೆ ಇನ್ನೊಂದು ತುಂಡು ಹಾಕಿ ಎದ್ದರು. "ಬಾಗಿಲು ಎಳೆದುಕೋ. ಉಣ್ಣುವಾಗ ನಾವು ನೋಡಬಾರದು."

ಬಾಗಿಲೆಳೆದು ನಾವಿಬ್ಬರೂ ಕಾರಿಡಾರಿನಲ್ಲಿ, ಅವರ ಬೀಗ ಹಾಕಿದ ಮನೆಯ ಮುಂದೆ ನಿಂತೆವು.